ಬಾಣಂತನಕ್ಕೆ ಬಂದವಳು ಸಮುದ್ರಕ್ಕೆ ಹೋದದ್ದು

ಪುನಕೈಕಿ, ನ್ಯೂಜಿಲೆಂಡ್
ಮಾರ್ಚ್ ೧೪, ೨೦೨೫, ಶುಕ್ರವಾರ

ನನ್ನ ಕೋಮಲಾ,

ಮೊದಲು ಬಾಯಿ ತುಂಬ ಬೈದುಬಿಡು, ಆಮೇಲೆ ಓದು. ಮೈತ್ರಿ ಮಲಗಿರುವಾಗಲೇ ಓದು. ಎದ್ದಿದ್ದರೆ ಫೋನು ಕಿತ್ತುಕೊಂಡು ಬಾಯಿಗಿಟ್ಟುಕೊಳ್ಳುತ್ತಾಳೆ.

ಕಾಗದದ ಮೇಲೆ ಬರೆದು, ಒಂದೊಂದು ಹಾಳೆಯ ಫೋಟೊ ತೆಗೆದು ಕಳಿಸುತ್ತಿದ್ದೇನೆ. ಇಷ್ಟು ಬರೆಯುವ ಬದಲು ಮಾತಾಡಬಾರದಾ ಎಂದು ನೀನು ಕೇಳುತ್ತಿ. ಮಾತಾಡಿದರೆ ನೀನು ಅಳುತ್ತಿ, ನೀನು ಅತ್ತರೆ ನಾನು ಹೇಳಬೇಕಾದ್ದನ್ನು ನುಂಗಿಕೊಂಡು ‘ಆತು ಬಿಡವ್ವ, ಬಂದೆ’ ಅಂದುಬಿಡುತ್ತೇನೆ. ನಮ್ಮಿಬ್ಬರ ನಡುವೆ ಯಾವಾಗಲೂ ಹಾಗೇ ಆಗಿದೆ.

ಆರೋಗ್ಯವಾಗಿದ್ದೇನೆ. ಇಲ್ಲೇ ಒಂದು ಸಣ್ಣ ಮೋಟೆಲ್‌ನಲ್ಲಿ ಉಳಿದುಕೊಂಡಿದ್ದೇನೆ. ನಡೆಸುವವಳು ಹೆಲೆನ್ ಎಂಬ ಹೆಂಗಸು, ನನ್ನ ವಾರಗೆಯವಳು, ಒಬ್ಬಳೇ ಇದ್ದಾಳೆ. ಜೋರು ಬಾಯಿ. ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತದೆ, ನನ್ನದು ಅವಳಿಗೆ ಅಷ್ಟೂ ತಿಳಿಯುವುದಿಲ್ಲ, ಆದರೂ ದಿನವೆಲ್ಲ ಮಾತಾಡುತ್ತೇವೆ. ಊಟವನ್ನು ಕೋಣೆಗೇ ತಂದುಕೊಡುತ್ತಾಳೆ. ಜಾಗ ಚೆನ್ನಾಗಿದೆ ಎಂದು ಮೂರು ದಿನದಿಂದ ಮುಂದೆ ಹೋಗಿಲ್ಲ. ಕಿಟಕಿಯ ಹೊರಗೆ ನಿನ್ನ ಗಾಡಿ ನಿಂತಿದೆ, ಅದರಾಚೆ ಸಮುದ್ರ. ಗಾಡಿಗೆ ಒಂದು ಗೀರೂ ಆಗಿಲ್ಲ.

ಈಗ ಭಾನುವಾರದ ಮಾತು.

ಊಟಕ್ಕೆ ಕೂತಾಗ ಅರುಣಕುಮಾರ್ ಹೇಳಿದನಲ್ಲ, ‘ಅತ್ತಿ, ಒಂದು ಖುಷಿ ಸುದ್ದಿ ಐತ್ರಿ. ಊರಾಗಿನ ನಿಮ್ಮ ಮನಿಗೆ ಗಿರಾಕಿ ಸಿಕ್ಕಾನ. ನಿಮ್ಮ ವೀಸಾ ಅರ್ಜಿನೂ ತುಂಬೀವಿ. ಇನ್ನ ನೀವು ಇಲ್ಲೇ ಇರ್ತೀರಿ, ಸಹಿ ಒಂದು ಹಾಕಿದ್ರ ಆತು.’ ಅವನ ಮುಖ ಹಬ್ಬದ ದಿನದ ಹುಡುಗನ ಮುಖದಂತಿತ್ತು. ನಾನು ನಿನ್ನ ಕಡೆ ನೋಡಿದೆ. ನೀನು ತಟ್ಟೆಯಿಂದ ಕಣ್ಣೆತ್ತದೆ, ‘ಅಲ್ಲಿ ಯಾರು ಅದಾರ ಅವ್ವ ನಿನಗ? ಬರೇ ಬೀಗ ಹಾಕಿದ ಮನಿ’ ಅಂದೆ. ನಾನು ‘ಇನ್ನೊಂದೀಟು ಸಾರು ಹಾಕು’ ಅಂದೆ. ಅಷ್ಟೇ ಅಲ್ಲವೇ ಮಾತು ಆದದ್ದು? ಜಗಳವೂ ಆಗಲಿಲ್ಲ. ಅತ್ತೆ ಒಪ್ಪಿದಳು ಎಂದೇ ಅರುಣ ತಿಳಿದಿರಬೇಕು.

ಒಪ್ಪಿರಲಿಲ್ಲ ಮಗಳೇ. ಇಲ್ಲ ಅನ್ನಲೂ ಬಾಯಿ ಬರಲಿಲ್ಲ. ನೀವು ಕೆಟ್ಟದ್ದು ಬಯಸಿದ್ದರೆ ಅಲ್ಲೇ ಎದ್ದು ನಿಂತು ಕೇಳುತ್ತಿದ್ದೆ. ಪ್ರೀತಿಯಿಂದ ಕಟ್ಟಿಹಾಕುವವರ ಹತ್ತಿರ ಹೇಗೆ ಜಗಳ ಆಡುವುದು? ಅಕ್ಟೋಬರಿನಿಂದ ನಾನು ನಿಮ್ಮ ಊಟದ ಮೇಜನ್ನು ಸುತ್ತುತ್ತಿದ್ದೆನಲ್ಲ, ನೀನು ‘ಅವ್ವನ ವಾಕಿಂಗ್’ ಎಂದು ನಗುತ್ತಿದ್ದೆ. ಅದು ವಾಕಿಂಗ್ ಆಗಿರಲಿಲ್ಲ. ಗೂಟಕ್ಕೆ ಕಟ್ಟಿದ ಹೋರಿಯೂ ಹಾಗೇ ಸುತ್ತುತ್ತದೆ. ನಿಮ್ಮ ಮನೆ ಬೆಚ್ಚಗಿದೆ, ನೆಲಕ್ಕೆ ಮೆತ್ತನೆ ಹಾಸಿದೆ, ಕಿಟಕಿ ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ನನಗೆ ಮಾತ್ರ ಅಂಗಾಲಿಗೆ ಇರುವೆ ಹತ್ತಿದಂತೆ ಆಗುತ್ತಿತ್ತು. ಮೈತ್ರಿಯನ್ನು ಎತ್ತಿಕೊಂಡಾಗ ತುಸು ಕಡಿಮೆಯಾಗುತ್ತಿತ್ತು, ಇಳಿಸಿದರೆ ಮತ್ತೆ ಶುರು.

ನಿನಗೆ ಗೊತ್ತಲ್ಲ, ನನ್ನ ಕೆಲಸವೇ ತಿರುಗುವುದಾಗಿತ್ತು. ಕೋಗಳಿಯ ಆರೋಗ್ಯ ಉಪಕೇಂದ್ರದಿಂದ ಮೊಪೆಡ್ ಹತ್ತಿದರೆ, ಚುಚ್ಚುಮದ್ದಿನ ಡಬ್ಬಿ ಕಾಲ ಬಳಿ ಇಟ್ಟುಕೊಂಡು, ಊರಿಂದ ಊರಿಗೆ. ನಿವೃತ್ತಿಯಾದ ಮೇಲೆ ಜನ ತೀರ್ಥಯಾತ್ರೆ ಮಾಡುತ್ತಾರೆ, ನಾನು ಡ್ರೈವಿಂಗ್ ಸ್ಕೂಲಿಗೆ ಹೋದೆ. ‘ಈ ವಯಸ್ಸಿನಾಗ ಕಾರು ಯಾಕ ಬೇಕ್ರಿ ನರ್ಸಮ್ಮ?’ ಎಂದು ಕಲಿಸುವವನು ಕೇಳಿದ್ದಕ್ಕೆ, ‘ಹಿಂದಿನ ವಯಸ್ಸಿನಾಗ ಪುರಸೊತ್ತು ಇರಲಿಲ್ಲಪ್ಪ’ ಅಂದಿದ್ದೆ. ಆಮೇಲೆ ಆ ಹಳೇ ಮಾರುತಿಯಲ್ಲಿ ಪಕ್ಕದ ಮನೆ ಹೊನ್ನೂರಮ್ಮನನ್ನು ಕೂರಿಸಿಕೊಂಡು ಉಜ್ಜಿನಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲಿಗೆಂದರೆ ಅಲ್ಲಿಗೆ. ಮಲ್ಲಿಗೆ ಬೇಕೆನಿಸಿದರೆ ಹಡಗಲಿಗೇ ಹೋಗಿ ತರುತ್ತಿದ್ದೆವು. ಹೂವು ಒಂದು ನೆಪ.

ಸೋಮವಾರ ಬೆಳಿಗ್ಗೆ ಅರುಣ ಕೆಲಸಕ್ಕೆ ಹೋಗಿಯಾಗಿತ್ತು. ನೀನು ಮಲಗಿದ್ದೆ, ನಿನ್ನ ತೋಳಿನ ಮೇಲೆ ಮೈತ್ರಿ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಫ್ರಿಜ್ಜಿಗೆ ಚೀಟಿ ಅಂಟಿಸಿದೆ: ‘ನಿನ್ನ ಗಾಡಿ ತಗೊಂಡು ಹೋಗ್ತೀನಿ. ಸಮುದ್ರ ನೋಡಿ ಬರ್ತೀನಿ. ಕುಕ್ಕರಿಗೆ ಅಕ್ಕಿ ಹಾಕಿಟ್ಟೀನಿ, ಎದ್ದ ಮ್ಯಾಲೆ ಹಚ್ಚು, ಮೂರು ಸೀಟಿಗೆ ಆರಿಸು.’ ನಿಮ್ಮ ಮನೆಯಿಂದ ಇಪ್ಪತ್ತು ನಿಮಿಷಕ್ಕೆ ಒಂದು ಸಮುದ್ರ ಇದೆಯಲ್ಲ, ಅಲ್ಲಿಗೇ ಹೋಗಿದ್ದೇನೆ ಅಂದುಕೊಂಡು ಮಧ್ಯಾಹ್ನದವರೆಗೂ ನೀನು ಸುಮ್ಮನಿದ್ದೆ. ನಾನೂ ಅಲ್ಲಿಗೇ ಎಂದು ಹೊರಟದ್ದು. ಕೂಡು ರಸ್ತೆಗೆ ಬಂದಾಗ ಪೂರ್ವಕ್ಕೆ ತಿರುಗಬೇಕಿತ್ತು, ಕೈ ಪಶ್ಚಿಮಕ್ಕೆ ತಿರುಗಿಸಿತು. ಅಲ್ಲಿ ಫಲಕದ ಮೇಲೆ ‘ವೆಸ್ಟ್ ಕೋಸ್ಟ್’ ಎಂದು ಬರೆದಿತ್ತು. ಅದೂ ಸಮುದ್ರವೇ ತಾನೇ.

ಬಯಲು ಇರುವತನಕ ಭಯವಿರಲಿಲ್ಲ, ನಮ್ಮ ಹೊಸಹಳ್ಳಿ ಕಡೆಯ ರಸ್ತೆಯಂತೆ ನೆಟ್ಟಗೆ ಹೋಗುತ್ತದೆ. ಆಮೇಲೆ ಗುಡ್ಡ ಶುರುವಾಯಿತು. ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದರೆ ಹಸಿರು ಗಿಳಿಯೊಂದು, ಕೋಳಿಯಷ್ಟು ದೊಡ್ಡದು, ಬಂದು ನಿನ್ನ ಗಾಡಿಯ ವೈಪರಿನ ರಬ್ಬರು ಎಳೆಯತೊಡಗಿತು. ನಾನು ‘ಹುಶ್, ಹುಶ್’ ಅಂದರೆ ಕತ್ತು ಓರೆ ಮಾಡಿ ನನ್ನನ್ನೇ ನೋಡಿತು. ಇಳಿಜಾರು ಮಾತ್ರ ಹೇಳಬಾರದು. ಒಂದು ಕಡೆ ಪ್ರಪಾತ, ಹಿಂದೆ ಲಾರಿ. ಕೆಳಗೆ ಒಂದು ಜಾಗದಲ್ಲಿ ಗಾಡಿ ಬದಿಗೆ ಹಾಕಿ ಕೂತೆ. ಫೋನಿಗೆ ಸಿಗ್ನಲ್ ಇಲ್ಲ. ಹಿಂದಕ್ಕೆ ತಿರುಗಿಬಿಡೋಣ ಅಂದುಕೊಂಡೆ. ತಿರುಗಬೇಕಾದರೆ ಅದೇ ಏರು ಹತ್ತಬೇಕು. ಆ ಒಂದು ಕಾರಣಕ್ಕೆ ಮುಂದೆ ಹೋದೆ ಕೋಮಲಾ, ಧೈರ್ಯದಿಂದ ಅಲ್ಲ.

ಆ ದಾರಿಯಲ್ಲಿ ಒಂದೇ ಗಾಡಿ ಹೋಗುವಷ್ಟು ಕಿರಿದಾದ ಸೇತುವೆಗಳು. ಒಬ್ಬರು ನಿಲ್ಲಬೇಕು, ಇನ್ನೊಬ್ಬರು ದಾಟಬೇಕು. ಅಷ್ಟು ದೊಡ್ಡ ಲಾರಿಯವನು ಆ ಬದಿಗೆ ನಿಂತು, ಸ್ಟೇರಿಂಗಿನಿಂದ ಒಂದೇ ಬೆರಳು ಎತ್ತಿ ನನಗೆ ದಾರಿ ಬಿಟ್ಟ. ನಮ್ಮ ಕಡೆ ಮೊದಲು ಹಾರ್ನು, ಆಮೇಲೆ ಮನುಷ್ಯ. ನಾನೂ ಒಂದು ಬೆರಳು ಎತ್ತಿದೆ. ಮುಂದಿನ ಸೇತುವೆಯಿಂದ ಎದುರು ಬಂದವರಿಗೆಲ್ಲ ಎತ್ತಿದೆ.

ಹೊಕಿಟಿಕಾ ಎಂಬ ಊರಲ್ಲಿ ಸಮುದ್ರ ಸಿಕ್ಕಿತು. ವಿಮಾನದಿಂದ ನೋಡಿದ್ದು ಬಿಟ್ಟರೆ, ಅದರ ಎದುರು ನಿಂತದ್ದು ಇದೇ ಮೊದಲು, ನಿಮ್ಮ ಮನೆ ಹತ್ತಿರದ್ದಕ್ಕೂ ಈವರೆಗೆ ಹೋಗಿರಲಿಲ್ಲವಲ್ಲ. ನಮ್ಮ ಅಂಕಸಮುದ್ರದ ಕೆರೆಗೆ ಆ ಹೆಸರಿಟ್ಟ ಪುಣ್ಯಾತ್ಮ ಇದನ್ನು ನೋಡಿದ್ದರೆ ನಾಚಿಕೊಳ್ಳುತ್ತಿದ್ದ. ಸಮುದ್ರ ನೋಡಿದರೆ ಮನಸ್ಸು ಶಾಂತವಾಗುತ್ತದೆ ಎಂದು ಕೇಳಿದ್ದೆ. ನನಗೆ ಹಾಗೇನೂ ಆಗಲಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಒಂದು ಗಳಿಗೆ ಕೂರುವುದಿಲ್ಲ. ನನಗಿಂತ ಹೆಚ್ಚು ಚಡಪಡಿಕೆ ಅದಕ್ಕೆ. ಯಾಕೋ ಅದರಿಂದಲೇ ಹಿತವಾಯಿತು.

ಆಗ ಫೋನಿಗೆ ಜೀವ ಬಂದು ನಿನ್ನ ಕರೆಗಳೆಲ್ಲ ಒಟ್ಟಿಗೆ ಕಂಡವು. ನಾನೇ ಫೋನು ಹಚ್ಚಿದೆ. ‘ಅವ್ವ, ನಿನಗ ಬುದ್ಧಿ ಐತೇನು? ಆಕಿ ಅಳಾಕ ಹತ್ಯಾಳ, ಸುಮ್ಮನಾಗವಲ್ಲಳು, ನಾ ಒಬ್ಬಾಕಿ ಏನ್ ಮಾಡ್ಲಿ?’ ಎಂದು ನೀನು ಕೂಗಿದೆ. ಹಿಂದೆ ಮೈತ್ರಿಯ ಅಳು. ನಾನು, ‘ಹೊಟ್ಟಿ ಮ್ಯಾಲ ಬೋರಲು ಹಾಕ್ಕೊ, ಬೆನ್ನು ಸವರು, ಅವಸರ ಮಾಡಬ್ಯಾಡ’ ಅಂದೆ. ನೀನು ಫೋನು ಕೆಳಗಿಟ್ಟಿರಬೇಕು. ನಾನು ಮರಳಿನಲ್ಲಿ ಕೂತು ಕೇಳುತ್ತಾ ಇದ್ದೆ. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಆಮೇಲೆ ನಿನ್ನ ಉಸಿರು. ನಾನೇ ಫೋನು ಇಟ್ಟೆ.

ಮರುದಿನ ಅರುಣ ಒಂದು ಫೋಟೊ ಕಳಿಸಿದ. ಬಚ್ಚಲಲ್ಲಿ ನೀನು ಕಾಲು ಚಾಚಿ ಕೂತಿದ್ದಿ, ಕಾಲ ಮೇಲೆ ಮೈತ್ರಿ, ಮೈಯೆಲ್ಲ ಎಣ್ಣೆ. ಹುಟ್ಟಿದಾಗಿನಿಂದ ಅವಳಿಗೆ ಎರೆದವಳು ನಾನು. ಹೆರಿಗೆಯಾದ ಮೇಲೆ ನೀನು ಎಷ್ಟು ಅಳುತ್ತಿದ್ದೆ, ಮಗುವನ್ನು ಕೊಟ್ಟರೆ ಕೈ ಹೇಗೆ ಗಟ್ಟಿಯಾಗುತ್ತಿತ್ತು ಎಂದು ನನಗೆ ಗೊತ್ತು. ಒಮ್ಮೆ ನೀನು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಡಿ ಓಡಿಸುವಾಗ ಅವಳಿಗೆ ಹಾಲು ನೆತ್ತಿಗೇರಿ ಕೆಮ್ಮಿದ್ದಕ್ಕೆ, ರಸ್ತೆ ಬದಿಯಲ್ಲೇ ಗಾಡಿ ಬಿಟ್ಟು ಅರುಣನನ್ನು ಕರೆಸಿದೆ. ಅಂದಿನಿಂದ ನೀನು ಸ್ಟೇರಿಂಗ್ ಮುಟ್ಟಿಲ್ಲ. ಊರೂರ ಬಾಣಂತಿಯರನ್ನು ನೋಡಿಕೊಂಡವಳಿಗೆ ನಿನ್ನ ಸಂಕಟ ಏನೆಂದು ತಿಳಿಯದಿರುತ್ತದೆಯೇ? ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ, ಗುಣವೂ ಆಯಿತು. ಆದರೆ ಗುಣವಾದ ಮೇಲೂ ನೀನು ‘ಅವ್ವ ಇಲ್ಲದಿದ್ರ ನನ್ನ ಕೈಲಿ ಆಗಂಗಿಲ್ಲ’ ಎಂದು ನಂಬಿದ್ದೆ, ನಾನು ನಂಬಲು ಬಿಟ್ಟೆ. ಬೇಕಾದವಳಾಗಿರುವುದು ಯಾರಿಗೆ ಬೇಡ?

ನಿನಗಾಗಿಯೇ, ನೀನು ಮಗುವಿನ ಜೊತೆ ಒಬ್ಬಳೇ ಇರಲು ಕಲಿಯಲಿ ಎಂದೇ ನಾನು ಹೊರಟೆ ಎಂದು ಬರೆಯಬಹುದು. ಬರೆದರೆ ದೊಡ್ಡವಳಾಗಿ ಕಾಣುತ್ತೇನೆ. ಸುಳ್ಳು. ನಾನು ಹೊರಟದ್ದು ನನಗಾಗಿ. ನೀನು ಕಲಿತದ್ದು ನಿನ್ನಿಂದ.

ಮಂಗಳವಾರ ಗ್ರೇಮೌತ್ ದಾಟಿ ಇಲ್ಲಿಗೆ ಬಂದೆ. ಆ ರಸ್ತೆಯನ್ನು ಹೇಗೆ ಹೇಳಲಿ? ಎಡಕ್ಕೆ ಸಮುದ್ರ, ಬಲಕ್ಕೆ ಕಾಡು ಹತ್ತಿದ ಗೋಡೆಯಂಥ ಗುಡ್ಡ, ನಡುವೆ ರಸ್ತೆ ಹಾವಿನಂತೆ. ಪ್ರತಿ ತಿರುವಿನಲ್ಲೂ ‘ಅಯ್ಯಯ್ಯೋ’ ಎಂದು ಜೋರಾಗಿ ಅಂದೆ, ಕೇಳುವವರು ಯಾರೂ ಇರಲಿಲ್ಲವಲ್ಲ. ಇಲ್ಲಿನ ಬಂಡೆಗಳನ್ನು ನೋಡಲು ದೇಶದೇಶದ ಜನ ಬರುತ್ತಾರೆ. ಮದುವೆ ಮನೆಯಲ್ಲಿ ಜೋಳದ ರೊಟ್ಟಿ ಪೇರಿಸಿಟ್ಟ ಹಾಗೆ ಕಲ್ಲಿನ ಮೇಲೆ ಕಲ್ಲು, ತೆಳ್ಳಗೆ, ಸಾವಿರಗಟ್ಟಲೆ. ಅಡಿಯಿಂದ ಸಮುದ್ರ ನುಗ್ಗಿ ಬಂಡೆಯ ತೂತಿನಿಂದ ಮೇಲಕ್ಕೆ ಚಿಮ್ಮುತ್ತದೆ. ಪಕ್ಕದಲ್ಲಿ ನಿಂತಿದ್ದ ಜಪಾನಿನವರ ಗುಂಪು ಕಿರುಚಿತು. ನಾನೂ ಕಿರುಚಿದೆ.

ಅಲ್ಲಿ ನಿಂತಿರುವಾಗಲೇ ಹೊನ್ನೂರಮ್ಮನ ವಿಡಿಯೊ ಕರೆ ಬಂತು. ‘ಯಕ್ಕಾ, ಯಾರೋ ಇಬ್ರು ಟೇಪ್ ಹಿಡ್ಕೊಂಡು ನಿನ್ನ ಮನಿ ಅಳತಿ ಮಾಡಾಕ ಬಂದಿದ್ರು. ಕೀಲಿ ಕೊಡು ಅಂದ್ರು. ಮಂಜಕ್ಕ ಹೇಳಿದ್ರ ಕೊಡ್ತೀನಿ, ನೀವು ಹೇಳಿದ್ರ ಕೊಡಂಗಿಲ್ಲ ಅಂದೆ. ಮಾರ್ತಿಯೇನ ಯಕ್ಕಾ? ಖರೇ ಹೇಳು.’ ನಾನು ‘ಆಮ್ಯಾಲೆ ಹೇಳ್ತೀನಿ’ ಅಂದೆ. ಅವಳ ಮುಖ ಸಣ್ಣದಾಯಿತು. ಇಲ್ಲ ಅನ್ನುತ್ತೇನೆ ಅಂದುಕೊಂಡಿದ್ದಳು. ನನಗೇ ಆಶ್ಚರ್ಯವಾಯಿತು, ಯಾಕೆ ಇಲ್ಲ ಅನ್ನಲಿಲ್ಲ ಎಂದು. ಕೋಣೆಗೆ ಬಂದು ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಒಂದು ಕಿವಿಯಲ್ಲಿ ಮೈತ್ರಿಯ ಅಳು, ಇನ್ನೊಂದರಲ್ಲಿ ಹೊನ್ನೂರಮ್ಮನ ‘ಖರೇ ಹೇಳು’.

ಬುಧವಾರದ್ದನ್ನು ಬರೆಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಬರೆಯುತ್ತೇನೆ, ಗಾಬರಿಯಾಗಬೇಡ. ಬರೆಯುತ್ತಿರುವವಳು ನಾನೇ, ಅಂದರೆ ಬದುಕಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ಮೋಟೆಲಿನ ಹಿಂದಿನ ಕಾಲುದಾರಿಯಲ್ಲಿ ದಂಡೆಗೆ ಇಳಿದೆ. ನೀರು ದೂರದಲ್ಲಿತ್ತು. ಒಂದು ಬಂಡೆಯ ಮೂಗನ್ನು ಬಳಸಿ ಆಚೆ ಹೋದರೆ, ಮೂರು ಕಡೆ ಕಲ್ಲಿನ ಗೋಡೆ ಇರುವ ಪುಟ್ಟ ಅಂಗಳದಂಥ ಜಾಗ. ಮೇಲಿನಿಂದ ಸಣ್ಣ ಜಲಪಾತ ಬೀಳುತ್ತಿತ್ತು. ಉಬ್ಬರದ ನೀರಿನ ಬಗ್ಗೆ ಫಲಕ ಇತ್ತು, ಓದಿದ್ದೆ ಕೂಡ. ನೀರು ಏರುವುದೆಂದರೆ ನಮ್ಮ ಕೆರೆ ತುಂಬಿದ ಹಾಗೆ, ನೋಡನೋಡುತ್ತಾ ನಿಧಾನ, ಎಂದುಕೊಂಡಿದ್ದೆ. ಅಲ್ಲೇ ಕೂತು ನಿನಗೆ ಏನು ಹೇಳಬೇಕೆಂದು ಬಾಯಲ್ಲೇ ಕಟ್ಟುತ್ತಿದ್ದೆ. ಎದ್ದು ನೋಡಿದರೆ ಬಂದ ದಾರಿ ಇಲ್ಲ. ಬಂಡೆಯ ಮೂಗಿಗೆ ಅಲೆ ಹೊಡೆಯುತ್ತಿದೆ.

ದಾಟಲು ನೋಡಿದೆ. ಸೊಂಟಮಟ್ಟ ನೀರು ಬಂದು ಎಳೆಯಿತು. ಹಿಂದೆ ಬಂದು ಕಲ್ಲು ಹತ್ತಿದೆ. ಹತ್ತುವಾಗ ಒಮ್ಮೆ ಜಾರಿ ಕಾಲು ಸ್ವಲ್ಪ ಉಳುಕಿತು. ಹೇಗೋ ಒಂದು ಅಟ್ಟದಂಥ ಕಲ್ಲಿನ ಮೇಲೆ ಸೇರಿಕೊಂಡೆ. ಫೋನು ಕೋಣೆಯಲ್ಲೇ ಉಳಿದಿತ್ತು. ಕೂಗಿದೆ, ಅಲೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಮೊದಲು ಸಿಟ್ಟು ಬಂತು. ಚುಚ್ಚುಮದ್ದಿಗೆ ಹೆದರಿ ಕಣಜದ ಹಿಂದೆ ಅಡಗುವ ಮಕ್ಕಳನ್ನು ಗದರಿಸುವಂತೆ ಸಮುದ್ರವನ್ನು ಗದರಿಸಿದೆ: ‘ಏ, ಸಾಕು ನಿಂದು! ಸರಿ ಆಚಿ!’ ಸರಿಯಲಿಲ್ಲ. ಒಂದು ಅಲೆ ಬಂದು ಮುಖಕ್ಕೇ ಹೊಡೆಯಿತು. ಆಮೇಲೆ ಭಯ.

ಆಗ ಏನು ನೆನಪಾಯಿತು ಗೊತ್ತೇ? ದೇವರಲ್ಲ, ನಿಮ್ಮಪ್ಪನೂ ಅಲ್ಲ. ಇಲ್ಲಿ ನನ್ನ ಹೆಣ ಸಿಕ್ಕರೆ ಕೋಮಲಾ ಬದುಕಿರುವತನಕ ಮನೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ, ಮೈತ್ರಿಯನ್ನೂ ಇಡಲು ಬಿಡುವುದಿಲ್ಲ ಎಂದು ಅನಿಸಿತು. ಅದಕ್ಕಾದರೂ ನಾನು ಸಾಯಬಾರದು. ಅದರ ಬೆನ್ನಿಗೇ ಇನ್ನೊಂದು: ನನಗೆ ಮನೆಗೆ ಹೋಗಬೇಕು. ಬೆಚ್ಚಗಿನ ನಿನ್ನ ಮನೆಗಲ್ಲ, ಹಗರಿಬೊಮ್ಮನಹಳ್ಳಿಯ ನನ್ನ ಮನೆಗೆ. ಯೋಚಿಸಿ ಬಂದದ್ದಲ್ಲ. ಚಳಿಗೆ ಹಲ್ಲು ಕಡಿಯುತ್ತಿರುವಾಗ ಮನುಷ್ಯನಿಗೆ ಸುಳ್ಳು ಹೊಳೆಯುವುದಿಲ್ಲ.

ಸಂಜೆ ಹೊತ್ತಿಗೆ ನೀರು ಇಳಿಯತೊಡಗಿತು. ಚಹಾಕ್ಕೆ ನಾನು ಬರಲಿಲ್ಲವೆಂದು ಹೆಲೆನ್ ನಾಯಿ ಕರೆದುಕೊಂಡು ಹುಡುಕುತ್ತಾ ಬಂದಳು. ಮೊದಲು ನಾಯಿ ಬೊಗಳಿತು, ಆಮೇಲೆ ಅವಳು. ಅಷ್ಟು ಬೈಗುಳ ನನ್ನ ಅತ್ತೆಯಿಂದಲೂ ಕೇಳಿರಲಿಲ್ಲ. ಬೈಯುತ್ತಲೇ ತನ್ನ ಕೋಟು ಬಿಚ್ಚಿ ಹೊದಿಸಿ, ತಬ್ಬಿಕೊಂಡಳು. ಆಗ ನಾನು ಅತ್ತುಬಿಟ್ಟೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಮನೆ ಮಾರುವುದಿಲ್ಲ. ಅಳತೆಗೆ ಯಾರೂ ಬರುವುದು ಬೇಡ ಎಂದು ಅರುಣನಿಗೆ ಹೇಳು, ನೊಂದುಕೊಳ್ಳದ ಹಾಗೆ ಹೇಳು. ಅವನ ಮನಸ್ಸು ಒಳ್ಳೆಯದು. ಏಪ್ರಿಲ್ ಕೊನೆಯ ನನ್ನ ಟಿಕೆಟ್ಟು ಹಾಗೇ ಇರಲಿ. ನಿಮ್ಮಪ್ಪ ಕಟ್ಟಿಸಿದ ಮನೆ ಎಂಬ ಕಾರಣಕ್ಕೆ ಮಾರಬೇಡಿ ಅನ್ನುತ್ತಿಲ್ಲ. ಅವರೇ ಇದ್ದಿದ್ದರೆ ಮಾರಿ ಬಂದುಬಿಡುತ್ತಿದ್ದರೋ ಏನೋ, ಅವರಿಗೆ ಒಂದು ಕುರ್ಚಿ, ಒಂದು ಪತ್ರಿಕೆ ಇದ್ದರೆ ಸಾಕಿತ್ತು. ನನ್ನ ಜಾಯಮಾನ ಬೇರೆ. ಅಲ್ಲಿ ಯಾರಿದ್ದಾರೆ ಎಂದು ಕೇಳಿದೆಯಲ್ಲ. ನಾನಿದ್ದೇನೆ. ಎದ್ದು ಗಾಡಿ ತೆಗೆದರೆ ಎಲ್ಲಿ ಹೋಗಿದ್ದಿ, ಎಷ್ಟೊತ್ತಿಗೆ ಬಂದಿ ಎಂದು ಕೇಳುವ ಹೊನ್ನೂರಮ್ಮ ಇದ್ದಾಳೆ. ಇಂದು ಬೆಳಿಗ್ಗೆ ಅವಳಿಗೆ ಫೋನು ಮಾಡಿ ‘ಮಾರಂಗಿಲ್ಲ’ ಅಂದೆ. ‘ಹಂಗಾದ್ರ ಲಗೂನ ಬಾ, ನಿನ್ನ ಕಾರಿನ ಮ್ಯಾಲೆ ನಮ್ಮ ಕೋಳಿ ಮಲಗಾಕ ಹತ್ಯಾವ’ ಅಂದಳು.

ನಾನು ಮಾಡುತ್ತಿರುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ವಿಮಾನ ಹತ್ತುವ ದಿನ ಮೈತ್ರಿಯ ಮುಖ ನೋಡಿ ಕಾಲು ಏಳದೆ ಹೋಗಬಹುದು. ಅಲ್ಲಿ ಹೋದ ಮೇಲೆ ನಿಮ್ಮ ಮೆತ್ತನೆಯ ನೆಲ ನೆನಪಾಗಿ, ಯಾಕೆ ಬಂದೆನೋ ಅನ್ನಿಸಬಹುದು. ನನ್ನ ಮನಸ್ಸು ಎಲ್ಲಿಯೂ ನಿಂತದ್ದಿಲ್ಲ, ಈಗ ಅರವತ್ತು ದಾಟಿದ ಮೇಲೆ ನಿಲ್ಲುತ್ತದೆಂದು ನಂಬಿಕೆಯೂ ಇಲ್ಲ. ಅಲೆದಾಡುವುದಾದರೆ ನನ್ನ ದಾರಿಯಲ್ಲಿ ಅಲೆದಾಡುತ್ತೇನೆ. ನೀನು ಮೈತ್ರಿಯನ್ನು ಕರೆದುಕೊಂಡು ಅಲ್ಲಿಗೆ ಬಾ, ನಿಮ್ಮಿಬ್ಬರನ್ನೂ ಮಾರುತಿಯಲ್ಲಿ ಕೂರಿಸಿಕೊಂಡು ಕೊಟ್ಟೂರಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗೋಣ.

ಸಿಟ್ಟಿದ್ದರೆ ಇರಲಿ. ನನ್ನ ಮೇಲೆ ಸಿಟ್ಟು ಮಾಡುವಷ್ಟು ಶಕ್ತಿ ನಿನಗೆ ಬಂದಿದೆಯಲ್ಲ, ಅದೇ ನನಗೆ ಸಮಾಧಾನ.

ಮೈತ್ರಿಯ ಎರಡೂ ಅಂಗಾಲಿಗೆ ನನ್ನ ಮುತ್ತು.

ನಿನ್ನ ಅವ್ವ,
ಮಂಜಮ್ಮ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಮುಜುಗರವಾಗಿತ್ತು. ಕಾಲು ಸ್ವಲ್ಪ ಉಳುಕಿತು ಎಂದೆನಲ್ಲ, ಉಳುಕಿಲ್ಲ, ಮುರಿದಿದೆ. ಬಲಗಾಲು, ಪಾದದ ಮೇಲಿನ ಹರಡಿನ ಹತ್ತಿರ. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ನಿನ್ನೆ ಹೆಲೆನ್ ನನ್ನನ್ನು ಗ್ರೇಮೌತಿನ ಆಸ್ಪತ್ರೆಗೆ ಕರೆದೊಯ್ದು ತಂದಳು. ಆರು ವಾರ ಗಾಡಿ ಓಡಿಸುವಂತಿಲ್ಲ. ಜಾಗ ಚೆನ್ನಾಗಿದೆ ಎಂದು ಉಳಿದದ್ದಲ್ಲ, ಎದ್ದು ಹೋಗಲು ಬಾರದೆ ಉಳಿದದ್ದು. ಸುದ್ದಿ ತಿಳಿದರೆ ಅರುಣ ತಾನು ಬರುತ್ತೇನೆ ಅನ್ನುತ್ತಾನೆ, ಅವನು ಬೇಡ. ನೀನು ಬಾ. ಗ್ರೇಮೌತಿನವರೆಗೆ ರೈಲು, ಅಲ್ಲಿಂದ ಇಲ್ಲಿಗೆ ಬಸ್ಸು, ಮಡಿಲಲ್ಲಿ ಮೈತ್ರಿ. ಮಗುವಿನ ಸೀಟು ಗಾಡಿಯಲ್ಲೇ ಇದೆ. ಹೋಗುವಾಗ ಗಾಡಿ ನೀನೇ ಓಡಿಸಬೇಕು, ಗುಡ್ಡದ ದಾರಿಯಲ್ಲೂ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ, ಆಣೆ. ಬರುವಾಗ ನನಗೊಂದು ಚಪ್ಪಲಿ ತಾ, ಇದ್ದ ಜೊತೆ ಸಮುದ್ರದ ಪಾಲಾಯಿತು. ಎರಡೂ ಹೊರಬೇಡ, ಎಡಗಾಲಿನದೊಂದೇ ಸಾಕು.